ಸಣ್ಣ ದೋಣಿಗೆ ಸೂಕ್ತ ಔಟ್‌ಬೋರ್ಡ್ ಮೋಟಾರಿನ ಆಯ್ಕೆ: ಅರ್ಜಿದಾರರಿಗೆ ಮಾಹಿತಿ

ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಭಾಗದಲ್ಲಿ ಒಳನಾಡು ಮೀನುಗಾರಿಕೆ ಅಥವಾ ಇತರ ಉದ್ದೇಶಗಳಿಗಾಗಿ ಸಣ್ಣ ದೋಣಿ ಹೊಂದಿರುವವರು ಹಾಗೂ ದೋಣಿಗೆ ಯಂತ್ರ ಅಳವಡಿಸಲು ಇಚ್ಛಿಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಅಗತ್ಯಕ್ಕಿಂತ ಕಡಿಮೆ ಶಕ್ತಿಯ ಮೋಟಾರು ನದಿಯ ಸೆಳೆತಕ್ಕೆ ಎದುರಾಗಿ ದೋಣಿಯನ್ನು ದಡಕ್ಕೆ ತರಲಾರದು. ಅಗತ್ಯಕ್ಕಿಂತ ಹೆಚ್ಚಿನ ಶಕ್ತಿಯ ಮೋಟಾರು ತನ್ನ ತೂಕದಿಂದ ದೋಣಿಯ ಹಿಂಭಾಗವನ್ನು ತಗ್ಗಿಸುವುದಲ್ಲದೆ, ಇಂಧನ ಹಾಗೂ ಸಾಲದ ಹೊರೆಯನ್ನೂ ಹೆಚ್ಚಿಸುತ್ತದೆ. ಆದುದರಿಂದ ಖರೀದಿಗೆ ಮುನ್ನ ಈ ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು ಸೂಕ್ತ.

1. ದೋಣಿಯ ಸ್ವರೂಪ

ತುಂಗಭದ್ರಾ ನದಿಯಲ್ಲಿ ತಲೆತಲಾಂತರದಿಂದ ಬಳಕೆಯಲ್ಲಿರುವ ಹರಿಗೋಲು ಅಥವಾ ತೆಪ್ಪವು ವೃತ್ತಾಕಾರವಾಗಿದ್ದು, ಮೋಟಾರನ್ನು ಬಿಗಿಯಲು ಬೇಕಾದ ನೇರವಾದ ಹಿಂಬದಿ ಹಲಗೆಯನ್ನು ಹೊಂದಿರುವುದಿಲ್ಲ. ಒಂದು ಅಂಚಿನಲ್ಲಿ ಮೋಟಾರು ಕಟ್ಟಿದಲ್ಲಿ ಹರಿಗೋಲು ನೇರವಾಗಿ ಸಾಗದೆ ಸುತ್ತುತ್ತದೆ ಹಾಗೂ ಮಗುಚುವ ಸಂಭವವಿರುತ್ತದೆ. ಆದ್ದರಿಂದ ಹರಿಗೋಲಿಗೆ ಮೋಟಾರು ಅಳವಡಿಸಬಾರದು. ಗಟ್ಟಿಯಾದ ಹಿಂಬದಿ ಹಲಗೆಯುಳ್ಳ ಮರದ ಅಥವಾ ಫೈಬರ್ ದೋಣಿ ಮಾತ್ರ ಇದಕ್ಕೆ ಯೋಗ್ಯವಾಗಿರುತ್ತದೆ.

2. ಅಶ್ವಶಕ್ತಿಯ ಲೆಕ್ಕ

ಸಣ್ಣ ದೋಣಿಯ ಗರಿಷ್ಠ ವೇಗವನ್ನು ನೀರನ್ನು ತಾಗುವ ಅದರ ಉದ್ದವು ಬಹುಮಟ್ಟಿಗೆ ನಿರ್ಧರಿಸುತ್ತದೆ. ನೀರಿನ ಮಟ್ಟದಲ್ಲಿ 15 ಅಡಿ ಉದ್ದವಿರುವ ದೋಣಿಯು ಗಂಟೆಗೆ ಸುಮಾರು 9.6 ಕಿ.ಮೀ. ವೇಗವನ್ನು ಸುಲಭವಾಗಿ ತಲುಪಬಲ್ಲದು. ಭಾರ ಹೊತ್ತ ಇಂತಹ ದೋಣಿಗೆ ಅದಕ್ಕಿಂತ ದೊಡ್ಡ ಮೋಟಾರು ಅಳವಡಿಸಿದರೂ ವೇಗ ಅಲ್ಪಸ್ವಲ್ಪ ಮಾತ್ರ ಏರುತ್ತದೆ. ಅಲೆ ಮತ್ತು ಇಂಧನ ವೆಚ್ಚವೇ ಹೆಚ್ಚಾಗುತ್ತವೆ.

ನಿಂತ ನೀರಿನಲ್ಲಿ ಒಟ್ಟು ತೂಕದ ಪ್ರತಿ ಟನ್ನಿಗೆ ಸುಮಾರು 4 ಅಶ್ವಶಕ್ತಿ ಸಾಕೆಂಬುದು ಸಾಮಾನ್ಯ ಅಂದಾಜು. ಉದಾಹರಣೆಗೆ, ದೋಣಿಯ ತೂಕ 200 ಕಿ.ಗ್ರಾಂ., ಮೂವರು ವ್ಯಕ್ತಿಗಳ ತೂಕ 200 ಕಿ.ಗ್ರಾಂ., ಬಲೆ, ಮಂಜುಗಡ್ಡೆ ಮತ್ತು ಮೀನು 150 ಕಿ.ಗ್ರಾಂ., ಮೋಟಾರು ಮತ್ತು ಇಂಧನ 50 ಕಿ.ಗ್ರಾಂ. ಎಂದಿಟ್ಟುಕೊಂಡಲ್ಲಿ ಒಟ್ಟು 600 ಕಿ.ಗ್ರಾಂ. ಆಗುತ್ತದೆ. ಇದಕ್ಕೆ ನಿಂತ ನೀರಿನಲ್ಲಿ 2.4 ಅಶ್ವಶಕ್ತಿ ಸಾಕಾಗುತ್ತದೆ. ನದಿಯ ಹರಿವು ಹಾಗೂ ಎದುರುಗಾಳಿಗಾಗಿ ಇದನ್ನು ಇಮ್ಮಡಿಗೊಳಿಸಿದಲ್ಲಿ 5 ಅಶ್ವಶಕ್ತಿಯ ಮೋಟಾರು ಸೂಕ್ತವೆನಿಸುತ್ತದೆ. ಹರಿವಿನ ವೇಗ ಗಂಟೆಗೆ 4 ಕಿ.ಮೀ. ಇದ್ದಲ್ಲಿ ಈ ದೋಣಿಯು ಎದುರು ದಿಕ್ಕಿನಲ್ಲಿ ಗಂಟೆಗೆ 5.6 ಕಿ.ಮೀ. ಮಾತ್ರ ಮುಂದೆ ಸಾಗುತ್ತದೆ ಎಂಬುದನ್ನು ಗಮನದಲ್ಲಿಡತಕ್ಕದ್ದು. ದೋಣಿ ತಯಾರಕರು ನಮೂದಿಸಿದ ಗರಿಷ್ಠ ಅಶ್ವಶಕ್ತಿಯನ್ನು ಯಾವುದೇ ಕಾರಣಕ್ಕೂ ಮೀರಬಾರದು.

3. ದಂಡದ ಉದ್ದ ಮತ್ತು ಪ್ರೊಪೆಲ್ಲರ್

ಮೋಟಾರುಗಳು ಸಾಮಾನ್ಯವಾಗಿ 15 ಅಂಗುಲದ ಗಿಡ್ಡ ದಂಡ ಹಾಗೂ 20 ಅಂಗುಲದ ಉದ್ದ ದಂಡಗಳಲ್ಲಿ ದೊರೆಯುತ್ತವೆ. ಹಿಂಬದಿ ಹಲಗೆಯ ಮೇಲಂಚಿನಿಂದ ದೋಣಿಯ ತಳದವರೆಗಿನ ಎತ್ತರವನ್ನು ಅಳೆದು ಅದಕ್ಕೆ ಹೊಂದುವ ದಂಡವನ್ನು ಆರಿಸಬೇಕು. ದಂಡ ಗಿಡ್ಡವಾದಲ್ಲಿ ಪ್ರೊಪೆಲ್ಲರ್ ಗಾಳಿಯನ್ನು ಎಳೆದುಕೊಂಡು ಹಿಡಿತ ಕಳೆದುಕೊಳ್ಳುತ್ತದೆ. ಉದ್ದವಾದಲ್ಲಿ, ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆ ಮತ್ತು ಮರಳಿಗೆ ತಾಗುತ್ತದೆ. ಹೆಚ್ಚು ಭಾರ ಸಾಗಿಸುವ ದೋಣಿಗೆ ಕಡಿಮೆ ಪಿಚ್ ಉಳ್ಳ ಪ್ರೊಪೆಲ್ಲರ್ ಯೋಗ್ಯವಾಗಿರುತ್ತದೆ.

4. ಯಂತ್ರದ ಬಗೆ

(ಅ) ಟೂ ಸ್ಟ್ರೋಕ್: ತೂಕ ಕಡಿಮೆ, ದುರಸ್ತಿ ಸುಲಭ. ಪೆಟ್ರೋಲಿಗೆ ತಯಾರಕರು ಸೂಚಿಸಿದ ಪ್ರಮಾಣದಲ್ಲಿ ಆಯಿಲ್ ಬೆರೆಸಬೇಕು. ಇಂಧನ ಬಳಕೆ ಮತ್ತು ಹೊಗೆ ಹೆಚ್ಚು.

(ಆ) ಫೋರ್ ಸ್ಟ್ರೋಕ್: ತೂಕ ಮತ್ತು ಬೆಲೆ ಹೆಚ್ಚು, ಇಂಧನ ಉಳಿತಾಯವಾಗುತ್ತದೆ, ಸದ್ದು ಕಡಿಮೆ. 5 ಅಶ್ವಶಕ್ತಿಯ ಯಂತ್ರವು ಪೂರ್ಣ ವೇಗದಲ್ಲಿ ಗಂಟೆಗೆ ಸುಮಾರು 2 ಲೀಟರ್ ಪೆಟ್ರೋಲ್ ಬಳಸುತ್ತದೆ. ನಿತ್ಯ ದುಡಿಮೆಗೆ ಇದು ಲಾಭದಾಯಕ.

(ಇ) ವಿದ್ಯುತ್ ಮೋಟಾರು: ಹೊಗೆ ಹಾಗೂ ತೈಲ ಸೋರಿಕೆ ಇರುವುದಿಲ್ಲ. ಬಳ್ಳಾರಿ ನಗರಕ್ಕೆ ಕುಡಿಯುವ ನೀರು ಒದಗಿಸುವ ಅಲ್ಲೀಪುರ ಕೆರೆಯಂತಹ ಜಲಸಂಗ್ರಹಗಳಲ್ಲಿ ಅಧಿಕೃತ ಕೆಲಸಕ್ಕೆ ದೋಣಿ ಬಳಸಬೇಕಾದಲ್ಲಿ ಈ ಬಗೆಯೇ ಸೂಕ್ತ. 24 ವೋಲ್ಟ್, 100 ಆಂಪಿಯರ್-ಅವರ್ ಸಾಮರ್ಥ್ಯದ ಲೆಡ್-ಆಸಿಡ್ ಬ್ಯಾಟರಿಯ ಅರ್ಧದಷ್ಟು ವಿದ್ಯುತ್ತನ್ನು ಮಾತ್ರ ಬಳಸುವುದು ಕ್ಷೇಮ. ಹಾಗೆ ಬಳಸಿದಲ್ಲಿ 600 ವ್ಯಾಟ್ ಮೋಟಾರು ಸುಮಾರು 2 ಗಂಟೆ ನಡೆಯುತ್ತದೆ. ಪ್ರಬಲ ಹರಿವಿರುವ ನದಿಗೆ ಇದು ಸಾಲದು.

5. ಸ್ಥಳೀಯ ಪರಿಸ್ಥಿತಿ

ಸಿರುಗುಪ್ಪ ಭಾಗದಲ್ಲಿ ತುಂಗಭದ್ರೆಯ ಹರಿವು ಮೇಲ್ಭಾಗದ ಜಲಾಶಯದಿಂದ ಬಿಡುವ ನೀರನ್ನು ಅವಲಂಬಿಸಿರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದು ಕೊಚ್ಚಿಹೋಗಿ ನದಿಗೆ ಅಪಾರ ನೀರು ಹರಿದ ಘಟನೆಯನ್ನು ಇಲ್ಲಿ ಸ್ಮರಿಸಬಹುದು. ಅಂತಹ ಪ್ರವಾಹಕ್ಕೆ ಯಾವುದೇ ಸಣ್ಣ ಮೋಟಾರು ಎದುರು ನಿಲ್ಲಲಾರದು. ನೀರು ಬಿಡುವ ಬಗ್ಗೆ ಮುನ್ಸೂಚನೆ ಇರುವಾಗ ದೋಣಿಯನ್ನು ನದಿಗೆ ಇಳಿಸಬಾರದು. ಮೇಲ್ಮಟ್ಟದ ಹಾಗೂ ಕೆಳಮಟ್ಟದ ಕಾಲುವೆಗಳಲ್ಲಿ ದೋಣಿ ನಡೆಸುವುದು ಅಪಾಯಕರ.

ಹಗರಿ ನದಿ ತರುವ ಮರಳು ಮತ್ತು ಹೂಳು ಮೋಟಾರನ್ನು ತಂಪಾಗಿಸುವ ನೀರಿನ ದಾರಿಯನ್ನು ಮುಚ್ಚಬಹುದು. ಯಂತ್ರ ಚಾಲನೆಯಲ್ಲಿರುವಾಗ ತಂಪುನೀರಿನ ಧಾರೆ ಹೊರಬರುತ್ತಿರುವುದನ್ನು ಆಗಾಗ್ಗೆ ನೋಡಬೇಕು. ಧಾರೆ ನಿಂತಲ್ಲಿ ಯಂತ್ರವನ್ನು ಕೂಡಲೇ ನಿಲ್ಲಿಸತಕ್ಕದ್ದು. ಎಥನಾಲ್ ಬೆರೆತ ಪೆಟ್ರೋಲ್ ತೇವವನ್ನು ಹೀರುವುದರಿಂದ, ಮೀನುಗಾರಿಕೆ ಇಲ್ಲದ ಅವಧಿಯಲ್ಲಿ ಕಾರ್ಬ್ಯುರೇಟರಿನಿಂದ ಪೆಟ್ರೋಲನ್ನು ಪೂರ್ತಿ ತೆಗೆದಿಡಬೇಕು.

6. ಅನುಮತಿ ಮತ್ತು ನೋಂದಣಿ

1917ರ ಕಾಯ್ದೆಯ ಬದಲಿಗೆ ಜಾರಿಗೆ ಬಂದಿರುವ ಒಳನಾಡು ಹಡಗುಗಳ ಅಧಿನಿಯಮ, 2021ರ ಅಡಿಯಲ್ಲಿ ಯಂತ್ರಚಾಲಿತ ಒಳನಾಡು ದೋಣಿಗಳ ತಪಾಸಣೆ ಮತ್ತು ನೋಂದಣಿಗೆ ಅವಕಾಶ ಕಲ್ಪಿಸಲಾಗಿದೆ. ಹುಟ್ಟು ಹಾಕುವ ದೋಣಿಗೆ ಮೋಟಾರು ಜೋಡಿಸಿದಾಗ ಅದರ ವರ್ಗವೇ ಬದಲಾಗುವುದರಿಂದ, ತಮ್ಮ ದೋಣಿಗೆ ಅನ್ವಯಿಸುವ ನಿಯಮಗಳನ್ನು ಖರೀದಿಗೆ ಮುನ್ನವೇ ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸುವುದು. ತುಂಗಭದ್ರಾ ಅಣೆಕಟ್ಟೆಯಿಂದ ಕಂಪ್ಲಿವರೆಗಿನ ಸುಮಾರು 34 ಕಿ.ಮೀ. ನದಿಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದ್ದು, ಅಲ್ಲಿ ಮೋಟಾರು ಬಳಸುವ ಮುನ್ನ ಅರಣ್ಯ ಇಲಾಖೆಯನ್ನು ಸಂಪರ್ಕಿಸತಕ್ಕದ್ದು.

ಸಹಾಯಧನ ಅಥವಾ ಬ್ಯಾಂಕ್ ಸಾಲ ಅಪೇಕ್ಷಿಸುವವರು ಆಯಾ ವರ್ಷ ಜಾರಿಯಲ್ಲಿರುವ ಯೋಜನೆ ಹಾಗೂ ಅದರ ಷರತ್ತುಗಳನ್ನು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ತಿಳಿದುಕೊಂಡು, ಮಂಜೂರಾತಿಗೆ ಮುನ್ನ ಹಣ ಪಾವತಿಸದಿರುವುದು ಒಳಿತು. ಖರೀದಿ ರಶೀದಿ, ಯಂತ್ರದ ಕ್ರಮಸಂಖ್ಯೆ ಮತ್ತು ವಾರಂಟಿ ಪತ್ರಗಳನ್ನು ಜೋಪಾನವಾಗಿಡಬೇಕು. ಹಳೆಯ ಮೋಟಾರು ಕೊಳ್ಳುವವರು ಮಾರಾಟಗಾರರಿಂದ ಮೂಲ ರಶೀದಿಯನ್ನು ಕೇಳಿ ಪಡೆಯತಕ್ಕದ್ದು.

7. ಸುರಕ್ಷತೆ

ದೋಣಿಯಲ್ಲಿರುವ ಪ್ರತಿಯೊಬ್ಬರೂ ಜೀವರಕ್ಷಕ ಜಾಕೆಟ್ ಧರಿಸಿರಬೇಕು. ಚಾಲಕನು ಯಂತ್ರ ನಿಲುಗಡೆಯ ಹಗ್ಗವನ್ನು ಮೈಗೆ ಕಟ್ಟಿಕೊಂಡಿರಬೇಕು. ಆತ ನೀರಿಗೆ ಬಿದ್ದಲ್ಲಿ ಯಂತ್ರ ತಾನಾಗಿಯೇ ನಿಲ್ಲುತ್ತದೆ. ಇಂಧನವನ್ನು ಮೂರು ಪಾಲು ಮಾಡಿ, ಒಂದು ಪಾಲು ಹೋಗಲು, ಒಂದು ಪಾಲು ಮರಳಲು, ಒಂದು ಪಾಲು ತುರ್ತಿಗೆ ಎಂದು ಇಟ್ಟುಕೊಳ್ಳತಕ್ಕದ್ದು. ಮೋಟಾರು ಎಷ್ಟೇ ಹೊಸದಾಗಿದ್ದರೂ ಒಂದು ಜೊತೆ ಹುಟ್ಟು ಹಾಗೂ ಉದ್ದನೆಯ ಹಗ್ಗ ದೋಣಿಯಲ್ಲಿ ಸದಾ ಇರಬೇಕು.

ದೋಣಿಯ ಅಳತೆ, ಹೊರುವ ಭಾರ ಮತ್ತು ಬಳಸುವ ಸ್ಥಳ, ಈ ಮೂರನ್ನು ಬರೆದುಕೊಂಡು ಕಚೇರಿಗೆ ಬಂದಲ್ಲಿ ಸೂಕ್ತ ಸಲಹೆ ಪಡೆಯಲು ಅನುಕೂಲವಾಗುತ್ತದೆ. ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.