ಕೋವಿಯ ಮರಕ್ಕೆ ಅಗಸೆ ಎಣ್ಣೆ

ಕೊಲ್ಕತ್ತದ ಉತ್ತರಕ್ಕೆ, ಹೂಗ್ಲಿಯ ದಡದಲ್ಲಿರುವ ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ ಹುಟ್ಟಿದ ಎಷ್ಟೋ ಕೋವಿಗಳಿಗೆ ಈಗ ಅಕ್ಕರೆಯ ಆರೈಕೆ ಸಿಗುತ್ತಿರುವುದು ಅಮೆರಿಕದ ಮನೆಗಳ ಗ್ಯಾರೇಜುಗಳಲ್ಲಿ. 1962ರ ಚೀನಾ ಯುದ್ಧದ ನಂತರ, ಬ್ರಿಟಿಷರ ಕಾಲದ ಲೀ-ಎನ್‌ಫೀಲ್ಡ್ ವಿನ್ಯಾಸವನ್ನೇ ಗಟ್ಟಿ ಉಕ್ಕಿನಲ್ಲಿ, 7.62 ಮಿ.ಮೀ. ಗುಂಡಿಗೆ ಹೊಂದಿಸಿ ಮಾಡಿದ ‘2ಎ’ ಮತ್ತು ‘2ಎ1’ ಕೋವಿಗಳು ಅವು. ಸೇನೆಗೆ ಬೇಡವಾದ ಮೇಲೆ ಹಡಗು ಹತ್ತಿ ಹೋದವು. ಅವುಗಳ ಅಣ್ಣನಾದ, .303 ಗುಂಡಿನ ಹಳೆಯ ಲೀ-ಎನ್‌ಫೀಲ್ಡ್ ಮಾತ್ರ ನಮ್ಮ ಪೊಲೀಸರ ಹೆಗಲಿನಿಂದ ಬಹಳ ಕಾಲ ಇಳಿಯಲಿಲ್ಲ. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ಪಥಸಂಚಲನದಲ್ಲಿ.

ಸೇನೆಯ ಗುಂಡು ಹಾರಿಸುವ ಇಂಥ ಕೋವಿ ನಮ್ಮಲ್ಲಿ ಸಾಮಾನ್ಯ ನಾಗರಿಕರ ಕೈಗೆ ಬರುವುದು ಕಷ್ಟ. ಅಮೆರಿಕದಲ್ಲಿ ಹಾಗಲ್ಲ, ಹಳೆಯ ಸೇನಾ ಕೋವಿಯೊಂದನ್ನು ಕೊಂಡು, ವಾರಾಂತ್ಯಗಳಲ್ಲಿ ಅದರ ಮರವನ್ನು ತೊಳೆದು ಎಣ್ಣೆ ಕುಡಿಸುತ್ತ ಕೂರುವವರ ದೊಡ್ಡ ಬಳಗವೇ ಅಲ್ಲಿದೆ. ಗುಂಡು ಹಾರಿಸುವ ಮೋಹ ಇಲ್ಲದವರೂ ಈ ಕಸುಬನ್ನು ನೋಡಬೇಕು. ಇದು ಹೆಚ್ಚಾಗಿ ಬಡಗಿಯ ಕೆಲಸ. ಆದರೆ ಬಡಗಿ ಕಲಿತದ್ದರಲ್ಲಿ ಅರ್ಧವನ್ನು ಇಲ್ಲಿ ಮರೆಯಬೇಕಾಗುತ್ತದೆ. ಹೊಸದರಂತೆ ಕಾಣಿಸುವುದು ಇಲ್ಲಿನ ಗುರಿಯಲ್ಲ. ಕೊಳೆಯನ್ನು ತೆಗೆದು ವಯಸ್ಸನ್ನು ಉಳಿಸಬೇಕು.

ಮೊದಲ ಕೆಲಸ ಕೋವಿಯಲ್ಲಿ ಗುಂಡಿಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಳ್ಳುವುದು. ಆಮೇಲೆ ಬಿಚ್ಚುವುದು. ಜರ್ಮನಿಯ ಮೌಸರ್, ರಷ್ಯಾದ ಮೊಸಿನ್-ನಗಾಂತ್ ಕೋವಿಗಳ ಮುಖ್ಯ ಮರ ಉದ್ದಕ್ಕೂ ಒಂದೇ ತುಂಡು. ಲೀ-ಎನ್‌ಫೀಲ್ಡಿನದು ಹಾಗಲ್ಲ. ಹೆಗಲಿಗೆ ಆನಿಸುವ ಬಟ್ ಬೇರೆ, ನಳಿಕೆಯನ್ನು ಹೊತ್ತ ಮುಂದಿನ ಮರ ಬೇರೆ, ಬಿಸಿಯಾದ ನಳಿಕೆ ಕೈ ಸುಡದಂತೆ ಮೇಲೆ ಹೊದಿಸಿದ ಹೊದಿಕೆಗಳು ಬೇರೆ. ಇದರಲ್ಲೊಂದು ಜಾಣ್ಮೆಯಿದೆ. ಬಟ್ಟನ್ನು ಬೇರೆ ಬೇರೆ ಉದ್ದಗಳಲ್ಲಿ ಮಾಡಿ, ಉದ್ದದ್ದಕ್ಕೆ ‘ಎಲ್’, ಸಾಧಾರಣಕ್ಕೆ ‘ಎನ್’, ಗಿಡ್ಡಕ್ಕೆ ‘ಎಸ್’, ತೀರಾ ಗಿಡ್ಡಕ್ಕೆ ‘ಬಿ’ ಎಂದು ಮುದ್ರೆ ಒತ್ತುತ್ತಿದ್ದರು. ಸಿಪಾಯಿಯ ತೋಳಿನ ಅಳತೆ ನೋಡಿ ಬಟ್ ಬದಲಾಯಿಸಿದರಾಯಿತು.

ಇದೇ ಜಾಣ್ಮೆಯಲ್ಲಿ ಹೊಸಬರನ್ನು ಕೆಡವುವ ಗುಂಡಿಯೂ ಇದೆ. ಬಟ್ಟಿನ ಒಳಗೆ ಉದ್ದಕ್ಕೂ ಓಡುವ ಬೋಲ್ಟಿನ ತುದಿ ಚೌಕಾಕಾರದ್ದು. ಅದು ಕಬ್ಬಿಣದ ಗೂಡನ್ನು ದಾಟಿ, ಮುಂದಿನ ಮರದ ಹಿಂತುದಿಯಲ್ಲಿ ಕೂರಿಸಿದ ತಗಡಿನ ಕಚ್ಚಿನಲ್ಲಿ ಸಿಕ್ಕಿಕೊಂಡಿರುತ್ತದೆ. ಬೋಲ್ಟು ತಾನಾಗಿ ಸಡಿಲವಾಗದಿರಲಿ ಎಂಬುದಕ್ಕೆ. ಮುಂದಿನ ಮರವನ್ನು ಕಳಚದೆ, ಹಿಂದಿನಿಂದ ಉದ್ದನೆಯ ಸ್ಕ್ರೂಡ್ರೈವರ್ ತೂರಿಸಿ ಬೋಲ್ಟನ್ನು ತಿರುಗಿಸಿದರೆ ಆ ಚೌಕ ತುದಿ ಒಳಗೇ ತಿರುಗಿ ಮರವನ್ನು ಸೀಳುತ್ತದೆ. ಅರ್ಧ ಶತಮಾನ, ಒಂದು ಶತಮಾನ ಬಾಳಿದ ಮರ ಹೀಗೆ ಮೇಜಿನ ಮೇಲೆ ಒಂದೇ ಗಳಿಗೆಯಲ್ಲಿ ಹಾಳಾಗುತ್ತದೆ. ಮುಂದಿನದು ಮೊದಲು, ಹಿಂದಿನದು ಆಮೇಲೆ ಎಂಬ ಕ್ರಮವನ್ನು ಬಲ್ಲವರು ಮಂತ್ರದಂತೆ ಹೇಳಿಕೊಡುವುದು ಇದಕ್ಕೇ.

ಬಿಚ್ಚಿದ ಮರ ಸಾಮಾನ್ಯವಾಗಿ ಕಪ್ಪಾಗಿ, ಜಿಗುಟಾಗಿರುತ್ತದೆ. ಉಗ್ರಾಣದಲ್ಲಿ ತುಕ್ಕು ಹಿಡಿಯದಿರಲೆಂದು ಕಬ್ಬಿಣಕ್ಕೆ ಬಳಿದ ಗ್ರೀಸು, ದಶಕಗಳ ಬೆವರು, ಧೂಳು, ಹಳೆಯ ಎಣ್ಣೆ ಎಲ್ಲವೂ ಮರದೊಳಗೆ ಇಳಿದಿರುತ್ತವೆ. ಇದನ್ನು ಹೊರಗೆಳೆಯಲು ಬಿಸಿಲಿಗಿಂತ ಒಳ್ಳೆಯ ಆಳಿಲ್ಲ. ಮರಕ್ಕೆ ಹಳೆಯ ಪತ್ರಿಕೆ ಸುತ್ತಿ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬೇಸಿಗೆಯ ಬಿಸಿಲಿಗೆ ಹಾಕಿದರೆ ಗ್ರೀಸು ಕರಗಿ ಕಾಗದಕ್ಕೆ ಇಳಿಯುತ್ತದೆ. ಉಳಿದ ಕಲೆಗೆ ಸುಣ್ಣಕಲ್ಲಿನ ನುಣ್ಣನೆಯ ಬಿಳಿ ಪುಡಿಯನ್ನು ಟರ್ಪೆಂಟೈನಿನಂಥ ದ್ರಾವಕದಲ್ಲಿ ಕಲಸಿ ಮೆತ್ತುತ್ತಾರೆ. ದ್ರಾವಕ ಆರುತ್ತಿದ್ದಂತೆ ಪುಡಿ ಎಣ್ಣೆಯನ್ನು ಹೀರಿ ಹಳದಿಯಾಗುತ್ತದೆ. ಅವಸರದವರು ಒಲೆ ತೊಳೆಯುವ ಕಾಸ್ಟಿಕ್ ದ್ರಾವಣ ಚಿಮುಕಿಸುತ್ತಾರೆ. ಪಾತ್ರೆ ತೊಳೆಯುವ ಯಂತ್ರದೊಳಗೆ ಮರವನ್ನಿಟ್ಟು ಗುಂಡಿ ಒತ್ತುವ ಪುಣ್ಯಾತ್ಮರೂ ಇದ್ದಾರೆ! ಮರ ಸ್ವಚ್ಛವಾಗುವುದೇನೋ ನಿಜ. ನೀರು ಕುಡಿದು ಸೊಟ್ಟಗಾದರೆ ಮತ್ತೆ ಕಬ್ಬಿಣಕ್ಕೆ ಕೂರುವುದಿಲ್ಲ.

ಇನ್ನು ತಗ್ಗುಗಳ ವಿಷಯ. ಲಾರಿಗೆ, ಗೋಡೆಗೆ, ಇನ್ನೊಂದು ಕೋವಿಗೆ ತಾಗಿ ಬಿದ್ದ ತಗ್ಗುಗಳಲ್ಲಿ ಮರದ ನಾರು ತುಂಡಾಗಿರುವುದಿಲ್ಲ, ಒತ್ತಿಕೊಂಡಿರುತ್ತದೆ ಅಷ್ಟೆ. ಒದ್ದೆ ಹತ್ತಿ ಬಟ್ಟೆಯನ್ನು ಅದರ ಮೇಲಿಟ್ಟು ಕಾದ ಇಸ್ತ್ರಿ ಪೆಟ್ಟಿಗೆಯನ್ನು ಕ್ಷಣಕಾಲ ಒತ್ತಿದರೆ ಆವಿ ಒಳಹೊಕ್ಕು, ಅವಲಕ್ಕಿ ನೀರು ಕುಡಿದು ಉಬ್ಬುವಂತೆ ನಾರು ಮೇಲೇಳುತ್ತದೆ. ಎರಡು ಮೂರು ಸಲ ಮಾಡಿದರೆ ತಗ್ಗು ಎಲ್ಲಿತ್ತೆಂದು ಹುಡುಕಬೇಕಾಗುತ್ತದೆ. ನಾರು ಕತ್ತರಿಸಿಹೋದ ಗಾಯಕ್ಕೆ ಮಾತ್ರ ಈ ಮದ್ದು ನಾಟುವುದಿಲ್ಲ. ಇಲ್ಲೊಂದು ಎಚ್ಚರ ಬೇಕು. ಕಾರ್ಖಾನೆಯ ತಪಾಸಣೆಗಾರರು ಒತ್ತಿದ ಮುದ್ರೆಗಳೂ ಒಂದು ಬಗೆಯ ತಗ್ಗುಗಳೇ. ಆವಿಗೆ ಮುದ್ರೆ ಯಾವುದು, ಪೆಟ್ಟು ಯಾವುದು ಎಂಬ ಭೇದ ತಿಳಿಯದು, ಎರಡನ್ನೂ ಎಬ್ಬಿಸಿಬಿಡುತ್ತದೆ. ಹಾಗಾಗಿ ಮುದ್ರೆಗಳ ಸುತ್ತ ಇಸ್ತ್ರಿ ಪೆಟ್ಟಿಗೆ ಸುಳಿಯಬಾರದು.

ಉಪ್ಪುಕಾಗದದ ಮೇಲೆ ಇದಕ್ಕಿಂತ ದೊಡ್ಡ ಸಂಶಯವಿರಬೇಕು. ಉಜ್ಜಿದ ಮರ ಒಂದು ಗಂಟೆಯಲ್ಲಿ ಹೊಳೆಯುತ್ತದೆ, ಆ ಗಂಟೆಯಲ್ಲೇ ಮುದ್ರೆಗಳು ಅಳಿಸುತ್ತವೆ, ಅಂಚುಗಳು ದುಂಡಗಾಗುತ್ತವೆ, ಕಬ್ಬಿಣದ ಮಟ್ಟಕ್ಕೆ ಸಮನಾಗಿದ್ದ ಮರ ತಗ್ಗಿಹೋಗುತ್ತದೆ. ಮುಂದಿನ ಮರದ ಒಳಗಡೆ, ಹಿಂತುದಿಯ ಎರಡು ಪುಟ್ಟ ಮುಖಗಳು ಗುಂಡು ಹಾರಿದಾಗಿನ ಒದೆತವನ್ನೆಲ್ಲ ತಡೆಯುತ್ತವೆ. ಅಲ್ಲಿ ಕಾಗದದಷ್ಟು ಸವೆದರೂ ಕಬ್ಬಿಣ ಅಲುಗಾಡಿ ಗುರಿ ಚದುರುತ್ತದೆ, ಮರ ಸೀಳುವುದೂ ಉಂಟು. ಸೇನೆಯ ಕುಶಲಕರ್ಮಿಗಳು ಹಾಗೆ ಸವೆದ ಜಾಗವನ್ನು ಚೌಕವಾಗಿ ಕೊರೆದು ಗಟ್ಟಿಮರದ ಚೂರನ್ನು ಕೂರಿಸುತ್ತಿದ್ದರು. ಹಳೆಯ ಕೋವಿಗಳಲ್ಲಿ ಈ ತೇಪೆಗಳು ಸಿಗುತ್ತವೆ. ಕೂದಲೆಳೆ ಬಿಡದ ಆ ಬೆಸುಗೆ ನೋಡಿದರೆ ಯಾರೋ ಹೆಸರಿಲ್ಲದ ಬಡಗಿಗೆ ಕೈಮುಗಿಯುವ ಹಾಗಾಗುತ್ತದೆ. ಇಶಾಪುರದವರು ಮುಂದಿನ ಮರ ಸೀಳದಿರಲೆಂದು ಅಡ್ಡಲಾಗಿ ತೂರಿಸಿದ ಸ್ಕ್ರೂ ಕೂಡ ಅಂಥದೇ. ಅಮೆರಿಕದ ಸಂಗ್ರಹಕಾರರು ಅದನ್ನು ‘ಇಶಾಪುರ ಸ್ಕ್ರೂ’ ಎಂದೇ ಕರೆಯುತ್ತಾರೆ. ಕುರೂಪವೆಂದು ಅದನ್ನು ಕಿತ್ತು ಮುಚ್ಚುವವರಿಗೆ ಕೋವಿ ಯಾವ ಊರಿನದೆಂದು ತಿಳಿದಿಲ್ಲವೆಂದೇ ಅರ್ಥ.

ಎಲ್ಲ ಮುಗಿದ ಮೇಲೆ ಎಣ್ಣೆ. ಈ ಕಸುಬಿನ ಸುಖವೆಲ್ಲ ಇಲ್ಲಿದೆ. ಲೀ-ಎನ್‌ಫೀಲ್ಡಿಗೆ ಬ್ರಿಟಿಷ್ ಸೇನೆ ಬಳಸಿದ್ದು ಹಸಿ ಅಗಸೆ ಎಣ್ಣೆ. ಉತ್ತರ ಕರ್ನಾಟಕದ ಊಟದಲ್ಲಿ ರೊಟ್ಟಿಯ ಪಕ್ಕ ಚಟ್ನಿಪುಡಿಯಾಗಿ ಕೂರುವ ಅದೇ ಅಗಸೆಯ ಎಣ್ಣೆ. ಕೊಬ್ಬರಿ ಎಣ್ಣೆಯನ್ನು ಮರಕ್ಕೆ ಹಚ್ಚಿದರೆ ಅದು ಎಣ್ಣೆಯಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆಯಾದರೋ ಗಾಳಿಯ ಆಮ್ಲಜನಕವನ್ನು ಹೀರಿ, ಅದರ ಅಣುಗಳು ಒಂದಕ್ಕೊಂದು ಕೈಹಿಡಿದು, ಮೆಲ್ಲಗೆ ಗಟ್ಟಿಯಾಗುತ್ತದೆ. ಅಂದರೆ ಅದು ‘ಒಣಗುವುದು’ ನೀರಿನಂತೆ ಆವಿಯಾಗಿ ಅಲ್ಲ. ಒಣಗುತ್ತ ಅದರ ತೂಕ ಹೆಚ್ಚುತ್ತದೆ! ಅಂಗಡಿಯಲ್ಲಿ ಸಿಗುವ ‘ಬಾಯಿಲ್ಡ್’ ಎಣ್ಣೆ ಹೆಸರಿಗಷ್ಟೆ ಕುದಿಸಿದ್ದು. ಬೇಗ ಒಣಗಲೆಂದು ಕೋಬಾಲ್ಟ್, ಮ್ಯಾಂಗನೀಸ್ ಲವಣಗಳನ್ನು ಸೇರಿಸಿರುತ್ತಾರೆ. ಹಸಿ ಎಣ್ಣೆಗೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕು.

ಹಚ್ಚುವುದರಲ್ಲಿ ಗುಟ್ಟೇನಿಲ್ಲ, ಜಿಪುಣತನವಿದ್ದರೆ ಸಾಕು. ಅಂಗೈಗೆ ಕೆಲವೇ ಹನಿ ಹಾಕಿಕೊಂಡು, ಅಂಗೈ ಬಿಸಿಯಾಗುವ ತನಕ ತಿಕ್ಕಬೇಕು. ಸ್ವಲ್ಪ ಹೊತ್ತಿನ ಮೇಲೆ ಮರ ಕುಡಿಯದೆ ಬಿಟ್ಟದ್ದನ್ನೆಲ್ಲ ಒರೆಸಿ ತೆಗೆಯಬೇಕು. ಹಾಗೇ ಬಿಟ್ಟರೆ ಅಂಟಂಟಾದ ಪದರವಾಗುತ್ತದೆ. ಹಳಬರ ಲೆಕ್ಕ ಹೀಗೆ: ವಾರವಿಡೀ ದಿನಕ್ಕೊಮ್ಮೆ, ತಿಂಗಳಿಡೀ ವಾರಕ್ಕೊಮ್ಮೆ, ವರ್ಷವಿಡೀ ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಅಕ್ರೋಟಿನ ಮರ ಆಗ ಆಳವಾದ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಒರೆಸಿದ ಬಟ್ಟೆಯನ್ನು ಮಾತ್ರ ಉಂಡೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಆಮ್ಲಜನಕ ಹೀರುವಾಗ ಹುಟ್ಟುವ ಶಾಖ ಮಡಿಕೆಗಳಲ್ಲಿ ಸೇರಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹರಡಿ ಬಯಲಲ್ಲಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು.

ಅಗಸೆ ಎಣ್ಣೆ ನೀರಾವಿಯನ್ನು ಪೂರ್ತಿ ತಡೆಯುವುದಿಲ್ಲ ಎಂದು ದೂರುವವರಿದ್ದಾರೆ. ದೂರು ಸರಿಯೇ. ಪಾಲಿಯುರಿಥೇನ್ ವಾರ್ನಿಷ್ ಹೆಚ್ಚು ಬಿಗಿಯಾದ ಕವಚ. ಆದರೆ ಅದಕ್ಕೆ ಗೀರು ಬಿದ್ದರೆ ಪೂರ್ತಿ ಕೆರೆದು ಹೊಸದಾಗಿ ಬಳಿಯಬೇಕು, ಎಣ್ಣೆಗಾದರೆ ಗೀರಿನ ಮೇಲೆ ಇನ್ನೆರಡು ಹನಿ ತಿಕ್ಕಿದರೆ ಆಯಿತು. ಕಂದಕದಲ್ಲಿ ಕುಳಿತ ಸಿಪಾಯಿಗೂ ಅಷ್ಟು ಸಾಧ್ಯ. ರಷ್ಯನ್ನರು ಮೊಸಿನ್-ನಗಾಂತ್‌ಗೆ ಬಳಿದದ್ದು ಅರಗಿನ ಮೆರುಗು, ನಮ್ಮ ಚನ್ನಪಟ್ಟಣದ ಬೊಂಬೆಗಳ ಮೇಲಿರುವ ಅದೇ ಅರಗು. ಅದು ಸ್ಪಿರಿಟ್‌ನಲ್ಲಿ ಕರಗುವುದರಿಂದ, ಚಕ್ಕೆ ಎದ್ದ ಜಾಗದಲ್ಲಿ ಸ್ಪಿರಿಟ್ ತಾಗಿಸಿದ ಬಟ್ಟೆಯಿಂದ ಒರೆಸಿದರೆ ಹಳೆಯ ಮೆರುಗೇ ಹರಡಿ ಕೂಡಿಕೊಳ್ಳುತ್ತದೆ.

ಹಾಗಾದರೆ ಸ್ವಂತ ಅಭಿರುಚಿಗೆ ಜಾಗವೇ ಇಲ್ಲವೇ? ಇದೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಸೇನಾ ಕೋವಿಗಳು ಅಂಚೆಯಲ್ಲೇ ಅಗ್ಗಕ್ಕೆ ಸಿಗುತ್ತಿದ್ದವು. 1968ರ ಕಾನೂನು ಅಂಚೆಯ ಆ ವ್ಯಾಪಾರಕ್ಕೆ ತೆರೆ ಎಳೆಯುವಷ್ಟರಲ್ಲಿ, ಅಸಂಖ್ಯ ಕೋವಿಗಳ ಮುಂದಿನ ಮರವನ್ನು ಜನ ಗರಗಸದಿಂದ ಮೊಟಕುಗೊಳಿಸಿ ಜಿಂಕೆ ಬೇಟೆಗೆ ಹಗುರ ಮಾಡಿಕೊಂಡಿದ್ದರು. ಇತಿಹಾಸ ಒಮ್ಮೆ ತುಂಡಾದ ಇಂಥ ಕೋವಿಯ ಮೇಲೆ ಮಾಲೀಕ ಏನು ಬೇಕಾದರೂ ಮಾಡಲಿ: ಹಿಡಿಯ ಮೇಲೆ ಜಾಲರಿ ಗೆರೆ ಕೆತ್ತಲಿ, ತುದಿಗೆ ಕರಿಮರದ ತುಂಡು ಜೋಡಿಸಲಿ, ಹಿಂದೆ ರಬ್ಬರ್ ಮೆತ್ತೆ ಹಾಕಲಿ. ಯಾರಿಗೂ ನಷ್ಟವಿಲ್ಲ. ಹಳೆಯ ರೂಪಕ್ಕೇ ತರಬೇಕೆಂಬ ಹಟವಿದ್ದವರು ಅದೇ ಜಾತಿಯ, ಅದೇ ನಾರಿನ ಓಟದ ಹಳೆಯ ಮರದ ತುಂಡನ್ನು ಹುಡುಕಿ, ಒಳಗೆ ಮರದ ಗೂಟವಿಟ್ಟು ಅಂಟಿಸುತ್ತಾರೆ. ಸಂದು ಬರುವ ಜಾಗವನ್ನು ಮೊದಲೇ ಲೆಕ್ಕ ಹಾಕಿ, ನಳಿಕೆ ಮತ್ತು ಮರವನ್ನು ಬಿಗಿಯುವ ಉಕ್ಕಿನ ಪಟ್ಟಿಯ ಅಡಿಗೆ ಬರುವಂತೆ ನೋಡಿಕೊಳ್ಳುತ್ತಾರೆ. ಪಟ್ಟಿ ಕಳಚಿದರಷ್ಟೆ ಗೊತ್ತಾಗಬೇಕು, ಅಲ್ಲೊಂದು ಸಂದಿದೆಯೆಂದು.