ಅರ್ಧ ಮನೆಗೆ ಕರೆಂಟ್ ಇಲ್ವಾ? ಮೊದಲು ಉರೀತಿರೋ ಬಲ್ಬ್ ನೋಡಿ

ಇವತ್ತು ಕೋಡಿಂಗ್ ಬಿಟ್ಟು ಕರೆಂಟ್ ಬಗ್ಗೆ ಮಾತಾಡೋಣ.

ಇಡೀ ಮನೆಗೆ ಕರೆಂಟ್ ಹೋದರೆ ನಾವು ಕಿಟಕಿಯಿಂದ ಇಣುಕಿ ನೋಡ್ತೀವಿ. ಎದುರಿನ ಬಿಲ್ಡಿಂಗಲ್ಲೂ ಕತ್ತಲೆ ಇದ್ದರೆ ಸಮಾಧಾನ. ಆದರೆ ಹಾಲ್ ಕತ್ತಲೆ, ಬೆಡ್‌ರೂಮಲ್ಲಿ ಬೆಳಕು ಅಂತಾದರೆ? ಪುಣೆಯ ನನ್ನ ಬಾಡಿಗೆ ಫ್ಲ್ಯಾಟಲ್ಲಿ ಒಂದು ಸಂಜೆ ಹಾಗೇ ಆಯ್ತು. ಆಫೀಸ್ ಕಾಲ್ ನಡೀತಿತ್ತು, ಹಾಲಲ್ಲಿ ಇಸ್ತ್ರಿ ಪೆಟ್ಟಿಗೆ ಆನ್ ಇತ್ತು. ಹಾಲ್ ಮತ್ತು ಅಡುಗೆಮನೆಯ ಲೈಟ್ ಮಿಣುಕಿ ಆರಿಹೋದವು. ನಾನು ಶೂರನ ಹಾಗೆ ಡಿಬಿ ಬಾಕ್ಸ್ ತೆಗೆದು ಎಂಸಿಬಿಗಳನ್ನು ಒಂದೊಂದಾಗಿ ಕೆಳಗೆ ಮೇಲೆ ಮಾಡ್ತಾ ನಿಂತೆ. ಎಲ್ಲ ಸರಿಯಾಗೇ ಇದ್ದವು. ಒಂದೂ ಟ್ರಿಪ್ ಆಗಿರಲಿಲ್ಲ.

ಅಷ್ಟರಲ್ಲಿ ಊರಿಂದ ಬಂದಿದ್ದ ಅಮ್ಮ ಒಳಗಿಂದ ಕೂಗಿದರು: 'ದೇವರ ಗೂಡಿನ ಝೀರೋ ಬಲ್ಬ್ ಯಾಕೋ ಹಗಲಿನ ಹಾಗೆ ಉರೀತಿದೆ ನೋಡೋ!' ಬೆಡ್‌ರೂಮಿನ ಫ್ಯಾನ್ ಎರಡರಲ್ಲಿದ್ದರೂ ಐದರಲ್ಲಿಟ್ಟ ಹಾಗೆ ಸುತ್ತುತ್ತಿತ್ತು. ನಾನು 'ಇರಮ್ಮ, ನೋಡ್ತಿದೀನಿ' ಅಂದೆ. ನೋಡಲಿಲ್ಲ. ಪಟ್ ಅಂತ ಸದ್ದಾಗಿ ರೂಟರ್ ಅಡಾಪ್ಟರ್ ಹೋಯ್ತು. ಹಿಂದೆಯೇ ಲ್ಯಾಪ್‌ಟಾಪ್ ಚಾರ್ಜರ್. ಸುಟ್ಟ ಪ್ಲಾಸ್ಟಿಕ್ ವಾಸನೆ ಮೂಗಿಗೆ ಬಡಿದ ಮೇಲೆ ಮೇನ್ ಆಫ್ ಮಾಡಿದೆ. ಆ ಚಾರ್ಜರ್ ಇದ್ದದ್ದು ಹಾಸಿಗೆ ಮೇಲೆ, ಮಗಳು ಮಲಗಿದ್ದ ಕಡೆ. ಅದಕ್ಕೇ ಈ ವಿಷಯ ಹೇಳಲೇಬೇಕು ಅನ್ನಿಸಿದ್ದು.

ಅರ್ಧ ಮನೆಗೆ ಕರೆಂಟ್ ಹೋಗೋಕೆ ಸಾದಾ ಕಾರಣಗಳೂ ಇವೆ. ಒಂದು ಎಂಸಿಬಿ ಟ್ರಿಪ್ ಆಗಿರಬಹುದು. ಆಗ ಆ ಸಾಲಿನ ಪ್ಲಗ್‌ಗಳನ್ನೆಲ್ಲ ಕಿತ್ತು, ಲಿವರನ್ನು ಪೂರ್ತಿ ಕೆಳಗೆ ಒತ್ತಿ, ಮತ್ತೆ ಮೇಲೆತ್ತಿ. ನಿಂತರೆ ಒಂದೊಂದೇ ಉಪಕರಣ ಹಾಕ್ತಾ ಬನ್ನಿ, ಬೀಳಿಸಿದವನೇ ಅಪರಾಧಿ. ಏನೂ ಹಾಕದೆಯೂ ಬಿದ್ದರೆ ತಪ್ಪು ವೈರಿಂಗಲ್ಲಿದೆ, ಹಟ ಮಾಡಿ ಮತ್ತೆ ಮತ್ತೆ ಎತ್ತಬೇಡಿ. ಇನ್ನು ಮೂರು ಫೇಸ್ ಇರೋ ಮನೆಯಲ್ಲಿ ಒಂದು ಫೇಸ್ ಹೋದರೆ ಆ ಫೇಸಿನ ರೂಮುಗಳು ಕತ್ತಲಾಗ್ತವೆ, ಉಳಿದವು ಎಂದಿನಂತೆ ಇರ್ತವೆ. 'ಎಂದಿನಂತೆ' ಅನ್ನೋದನ್ನ ನೆನಪಿಡಿ. ಉಳಿದ ಭಾಗದಲ್ಲಿ ಬೆಳಕು ಜಾಸ್ತಿ ಆಗಿದ್ದರೆ, ಅಥವಾ ಒಂದು ಕಡೆ ಮಂದ ಇನ್ನೊಂದು ಕಡೆ ಪ್ರಖರ ಆಗಿದ್ದರೆ, ಹೋಗಿರೋದು ಫೇಸ್ ಅಲ್ಲ, ನ್ಯೂಟ್ರಲ್.

ಇದನ್ನ ನಾವೆಲ್ಲ ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಸ್ಟಾರ್ ಕನೆಕ್ಷನ್ ಅಂತ ಓದಿದ್ದೀವಿ, ಪರೀಕ್ಷೆ ಮುಗಿದ ಮೇಲೆ ಮರೆತಿದ್ದೀವಿ. ಎಂಟೆಕ್ ಮಾಡಿದ ನಾನೂ ಸೇರಿ. ಒಂದು ಫೇಸಿಗೂ ನ್ಯೂಟ್ರಲ್‌ಗೂ ಮಧ್ಯೆ 230 ವೋಲ್ಟ್. ಎರಡು ಫೇಸ್‌ಗಳ ಮಧ್ಯೆ ಸುಮಾರು 400. ನ್ಯೂಟ್ರಲ್ ಕಡಿದುಹೋದರೆ ಹಾಲಿನ ಉಪಕರಣಗಳೂ ಬೆಡ್‌ರೂಮಿನ ಉಪಕರಣಗಳೂ ಒಂದರ ಹಿಂದೆ ಒಂದು ಸೀರೀಸಲ್ಲಿ ನಿಂತು ಆ 400 ವೋಲ್ಟನ್ನು ಹಂಚಿಕೊಳ್ತವೆ. ಹಂಚಿಕೆ ಸಮಪಾಲು ಅಲ್ಲ, ಅಲ್ಲೇ ಇರೋದು ತೊಂದರೆ.

ಲೆಕ್ಕ ಹಾಕಿ. ಹಾಲಲ್ಲಿ 1000 ವ್ಯಾಟ್ ಇಸ್ತ್ರಿ ಪೆಟ್ಟಿಗೆ, ಅಂದರೆ ಸುಮಾರು 53 ಓಮ್. ಬೆಡ್‌ರೂಮಲ್ಲಿ ಒಟ್ಟು 100 ವ್ಯಾಟ್ ಲೋಡ್, ಸುಮಾರು 529 ಓಮ್. ಮೂರನೇ ಫೇಸಲ್ಲಿ ಏನೂ ಇಲ್ಲ ಅಂತಿಟ್ಟುಕೊಳ್ಳಿ. ಇಸ್ತ್ರಿ ಪೆಟ್ಟಿಗೆಗೆ ಸಿಗೋದು ಬರೀ 36 ವೋಲ್ಟ್, ಬೆಡ್‌ರೂಮಿಗೆ 364! ದೊಡ್ಡ ಲೋಡ್ ಇರೋ ಕಡೆ ಕತ್ತಲೆ, ಚಿಕ್ಕ ಲೋಡ್ ಇರೋ ಕಡೆ ಬೆಂಕಿ. 'ಕರೆಂಟ್ ಹೋಗಿದೆ' ಅಂತ ನಾವು ಹಾಲಲ್ಲಿ ಓಡಾಡ್ತಿರುವಾಗ ಅಪಾಯ ಇನ್ನೊಂದು ರೂಮಲ್ಲಿ ಕೂತಿರುತ್ತೆ.

ಎಂಸಿಬಿ ಯಾಕೆ ಬೀಳಲಿಲ್ಲ ಅಂತ ಕೇಳಬಹುದು. ಮೇಲಿನ ಲೆಕ್ಕದಲ್ಲಿ ಹರಿಯೋ ಕರೆಂಟ್ 0.7 ಆಂಪಿಯರ್ ಕೂಡ ಇಲ್ಲ. 6 ಆಂಪಿಯರ್ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಆರ್‌ಸಿಸಿಬಿ ಕೂಡ ಸುಮ್ಮನಿರುತ್ತೆ, ಏಕೆಂದರೆ ಅದು ನೋಡೋದು ಹೋದ ಕರೆಂಟ್ ವಾಪಸ್ ಬಂತಾ ಅಂತ. ಇಲ್ಲಿ ಬಂದಿದೆ, ಇನ್ನೊಂದು ಫೇಸ್ ಮೂಲಕ. ವೋಲ್ಟೇಜ್ ಎಷ್ಟಿದೆ ಅಂತ ನೋಡೋದು ಇವೆರಡರ ಕೆಲಸವೇ ಅಲ್ಲ.

ನಮ್ಮೆಲ್ಲರ ಮನೆಯಲ್ಲಿರೋ ಟೆಸ್ಟರ್ ಕೂಡ ದಾರಿ ತಪ್ಪಿಸುತ್ತೆ. ಸಾಕೆಟ್ಟಿನ ಒಂದು ತೂತಲ್ಲಿ ಹೊತ್ತಿಕೊಂಡರೆ 'ಕರೆಂಟ್ ಇದೆಯಲ್ಲ' ಅಂತೀವಿ. ಅದು ಫೇಸ್ ಇದೆ ಅಂತಷ್ಟೇ ಹೇಳಿದ್ದು. ನ್ಯೂಟ್ರಲ್ ತೂತಲ್ಲೂ ಹೊತ್ತಿಕೊಂಡರೆ ನ್ಯೂಟ್ರಲ್ ಎಲ್ಲೋ ಕಡಿದಿದೆ ಅಂತ ಬಲವಾದ ಗುಮಾನಿ. ಒಂದೇ ಫೇಸಿನ ಮನೆಯಲ್ಲಿ ಹೀಗಾದರೆ ಲೈಟ್ ಉರಿಯೋದಿಲ್ಲ, ಆದರೆ ಸ್ವಿಚ್ ಆನ್ ಇರೋ ಉಪಕರಣದ ಮೂಲಕ ಬಂದ ಫೇಸ್ ನ್ಯೂಟ್ರಲ್ ವೈರಲ್ಲೇ ಕಾದಿರುತ್ತೆ. 'ಸತ್ತ ಲೈನ್' ಅಂತ ಕೈ ಹಾಕಿದರೆ ಹೊಡೆಯುತ್ತೆ.

ಇನ್ನೊಂದು ಮಾತು ಸ್ವಲ್ಪ ಸಿಟ್ಟಿನಿಂದಲೇ ಹೇಳ್ತೀನಿ. ಕೆಲವರು 'ನ್ಯೂಟ್ರಲ್ ಇಲ್ವಾ, ಅರ್ಥಿಂಗಿಂದ ಕೊಟ್ಟುಬಿಡೋಣ' ಅಂತಾರೆ. ಲೈಟ್ ಉರಿಯುತ್ತೆ ನಿಜ. ಆದರೆ ಆ ಅರ್ಥ್ ವೈರ್ ಮುಂದೆ ಎಲ್ಲೋ ಸಡಿಲಾದ ದಿನ ಫ್ರಿಜ್ಜಿನ ಬಾಗಿಲು, ಗೀಸರ್ ಮೈ, ವಾಷಿಂಗ್ ಮಷೀನ್ ಎಲ್ಲಕ್ಕೂ ಫೇಸ್ ಬರುತ್ತೆ. ನಿಮ್ಮ ಕಣ್ಣೆದುರಿಗೆ ಯಾರಾದರೂ ಹಾಗೆ ಮಾಡೋಕೆ ಹೊರಟರೆ, ಒಂದು ರಾತ್ರಿ ಮೇಣದಬತ್ತಿಯಲ್ಲಿ ಕಳೀತೀನಿ ಅಂತ ಹೇಳಿ ಕಳಿಸಿಬಿಡಿ.

ನಮ್ಮನೆ ವಿಷಯದಲ್ಲಿ ತಪ್ಪಿದ್ದದ್ದು ಕೆಳಗಿನ ಮೀಟರ್ ರೂಮಲ್ಲಿ. ನಮ್ಮ ಫ್ಲ್ಯಾಟಿಗೆ ಬರುವ ಕಪ್ಪು ವೈರಿನ ಸ್ಕ್ರೂ ಸಡಿಲಾಗಿ, ಕಾದು ಕಾದು, ಇನ್ಸುಲೇಷನ್ ಕರಗಿ ಬಿಟ್ಟುಕೊಂಡಿತ್ತು. ಎಲೆಕ್ಟ್ರಿಷಿಯನ್ ಸುಟ್ಟ ತುದಿ ಕತ್ತರಿಸಿ, ಹೊಸ ಲಗ್ ಹಾಕಿ ಬಿಗಿ ಮಾಡಿದ. ಅರ್ಧ ಗಂಟೆ ಕೆಲಸ. ಆಮೇಲೆ ಓನರ್ ಜೊತೆ ಮಾತಾಡಿ ಡಿಬಿಯಲ್ಲಿ ಓವರ್ ವೋಲ್ಟೇಜ್ ಪ್ರೊಟೆಕ್ಟರ್ ಹಾಕಿಸಿದೆ. ವೋಲ್ಟೇಜ್ ಮಿತಿ ಮೀರಿದರೆ ಅದೇ ಲೈನ್ ಕಡಿಯುತ್ತೆ.

ಹಾಗಾಗಿ ಉರೀತಿರೋ ಕಡೆ ಏನಾದರೂ ವಿಚಿತ್ರ ಕಂಡರೆ ಮೊದಲು ಮೇನ್ ಆಫ್ ಮಾಡಿ. ಯೋಚನೆ ಆಮೇಲೆ. ನಂತರ ಪ್ಲಗ್‌ಗಳನ್ನು ಕಿತ್ತುಬಿಡಿ. ಮೇನ್ ಆಫ್ ಇದ್ದರೂ ಅದಕ್ಕೆ ಬರುವ ವೈರಲ್ಲಿ ಕರೆಂಟ್ ಇದ್ದೇ ಇರುತ್ತೆ, ಸ್ಕ್ರೂಡ್ರೈವರ್ ಹಿಡಿದು ಅಲ್ಲಿಗೆ ಹೋಗಬೇಡಿ.

ಫೋನ್ ಮಾಡುವಾಗ ಮಾತ್ರ ಒಂದು ಕಿವಿಮಾತು. ನಾನು ಮೊದಲು ನನ್ನ ಹರಕು ಹಿಂದಿಯಲ್ಲಿ 'ಆಧಾ ಘರ್ ಮೇ ಲೈಟ್ ನಹೀ ಹೈ' ಅಂದೆ, 'ಕಲ್ ಸುಬಹ್ ಆತಾ ಹೂಂ' ಅಂತ ಉತ್ತರ ಬಂತು. ಎರಡನೇ ಸಲ 'ನ್ಯೂಟ್ರಲ್ ಕಟ್ ಗಯಾ ಹೈ, ವೋಲ್ಟೇಜ್ ಜ್ಯಾದಾ ಆ ರಹಾ ಹೈ' ಅಂದೆ. ಹತ್ತೇ ನಿಮಿಷದಲ್ಲಿ ಬಾಗಿಲಲ್ಲಿದ್ದ.