ಕಿರುಬೆರಳಿನ ಅಳಲು

ಕಿರುಬೆರಳಿಗೂ ಕನ್ನಡ ಸಾಹಿತ್ಯಕ್ಕೂ ಏನು ಸಂಬಂಧವೆಂದು ಹಿಂದೆ ಯಾರಾದರೂ ಕೇಳಿದ್ದರೆ ನಕ್ಕುಬಿಡುತ್ತಿದ್ದೆನು. ತೀರ್ಥರೂಪರು ಬಿಟ್ಟುಹೋದ ಹಸ್ತಪ್ರತಿಯನ್ನು ಕಂಪ್ಯೂಟರಿಗೆ ಇಳಿಸಲು ಕುಳಿತು, 200 ಪುಟ ಮುಗಿಯುವ ಹೊತ್ತಿಗೆ ಎಡಗೈಯ ಕಿರುಬೆರಳು ಮಡಿಸಲು ಬಾರದಾಯಿತು. ವೈದ್ಯರು ಒಂದು ತಿಂಗಳು ಬೆರಳಚ್ಚು ಬೇಡವೆಂದರು. ಉಳಿದದ್ದು 100 ಪುಟ. ಓದಲು ಕಾದಿದ್ದ ತಾಯಿಯವರಿಗೆ 88 ವರ್ಷ.

ಬಿಡುವಿನ ಆ ತಿಂಗಳು ತಪ್ಪು ಯಾರದೆಂದು ಯೋಚಿಸಿದೆನು. ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ ಒತ್ತಕ್ಷರ ಸುಲಭ: 'ಕ'ಕಾರದ ಕೀಲಿ, 'ಎಫ್', ಮತ್ತೆ 'ಕ'ಕಾರ, 'ಕ್ಕ' ಸಿದ್ಧ. ಆದರೆ ದೀರ್ಘಗಳಿಗೆ, ಮಹಾಪ್ರಾಣಗಳಿಗೆ, ನಮ್ಮ ಣಕಾರ ಳಕಾರಗಳಿಗೆ ಶಿಫ್ಟ್ ಒತ್ತಬೇಕು. 'ಬಾಳೆಹಣ್ಣು' ಎಂಬ ಒಂದು ಪದಕ್ಕೇ ನಾಲ್ಕು ಸಲ! ಬಲಗಡೆಯೂ ಒಂದು ಶಿಫ್ಟ್ ಇದೆಯೆಂಬುದನ್ನು ನಾನು ಮರೆತೇಬಿಟ್ಟಿದ್ದೆನು.

ಎರಡು ಹೋಳಾದ ಕೀಲಿಮಣೆಯೊಂದನ್ನು ಕೊಂಡುತಂದೆನು. "ಮುರಿದದ್ದನ್ನೇ ಆರಿಸಿ ತಂದಿರಾ?" ಎಂದಳು ನನ್ನಾಕೆ. ಹೋಳುಗಳನ್ನು ಭುಜದಗಲಕ್ಕೆ ಸರಿಸಿದರೆ ಮಣಿಕಟ್ಟು ಹೊರಕ್ಕೆ ತಿರುಚಿಕೊಳ್ಳದು. ಹಿಂಬದಿಯ ಪುಟ್ಟ ಕಾಲುಗಳನ್ನು ಮಡಚಿದೆನು. ಅವು ಅಂಗೈಯನ್ನು ಮೇಲಕ್ಕೆ ಬಾಗಿಸುತ್ತವೆ. ಮೇಜು ಎತ್ತರವಾದುದರಿಂದ ಕುರ್ಚಿಗೆ ದಿಂಬು, ಕಾಲಡಿಗೆ ಊಟದ ಮಣೆ. ಮೊಣಕೈ ಕೀಲಿಗಳ ಮಟ್ಟಕ್ಕೆ ಬಂದಿತು. ಕೊನೆಗೆ, ಶಿಫ್ಟನ್ನು ಹೆಬ್ಬೆರಳಿನಡಿಯ ಕೀಲಿಗೆ ವರ್ಗಾಯಿಸಿದೆನು. ಅಷ್ಟು ಬಲಶಾಲಿ ಬೆರಳು ಇಷ್ಟು ದಿನ ಪದಗಳ ನಡುವೆ ಬರಿಯ ತೆರಪು ಬಿಡುತ್ತ ಕುಳಿತಿತ್ತು!

ಮೊದಲ ವಾರ ದಿನಕ್ಕೆ ಅರ್ಧ ಪುಟ. ಬೆರಳುಗಳು ಹಳೆಯ ಮನೆಯನ್ನೇ ಹುಡುಕುತ್ತಿದ್ದವು. ನಿನ್ನೆ ನೋವಿಲ್ಲದೆ ಮೂರು ಪುಟ ಮುಗಿದವು. ತಾಯಿಯವರು ಕನ್ನಡಕವೇರಿಸಿ ಓದಿ, ಎರಡು ಕಡೆ 'ಳ' ಇರಬೇಕಾದಲ್ಲಿ 'ಲ' ಬಿದ್ದಿದೆಯೆಂದು ಗುರುತುಹಾಕಿ ಕೊಟ್ಟಿದ್ದಾರೆ.